ತುಂಗನಾಥದ ಹಾದಿಯಲ್ಲಿ ಕಾಡು ಮುಗಿಯುವ ಜಾಗ

ಕೇದಾರನಾಥದಿಂದ ಉಖೀಮಠಕ್ಕೆ ಇಳಿದು ಬದರಿಯ ಕಡೆ ಹೊರಡುವ ಕನ್ನಡದ ಯಾತ್ರಿಕರಲ್ಲಿ ಹಲವರು ಚೋಪ್ತಾದಲ್ಲಿ ಚಹಾ ಕುಡಿದು ಮುಂದೆ ಸಾಗುತ್ತಾರೆ. ಅಲ್ಲಿಂದ ತುಂಗನಾಥಕ್ಕೆ ಮೂರೂವರೆ ಕಿಲೋಮೀಟರಿನ ಕಲ್ಲುಹಾಸಿನ ಏರುದಾರಿ. ದಯವಿಟ್ಟು ಹತ್ತಿ. ಶಿವನ ದರ್ಶನವಂತೂ ಆಗುತ್ತದೆ. ದಾರಿಯ ನಡುವೆ ಒಂದು ಕಾಡು ಮುಗಿಯುವುದನ್ನೂ ಕಣ್ಣಾರೆ ನೋಡಬಹುದು.

ಮೊದಲು ಓಕ್ ಮರಗಳು. ಅಲ್ಲಿನವರ ಮಾತಿನಲ್ಲಿ ಖರ್ಸು. ಕೊಂಬೆಕೊಂಬೆಗೂ ಪಾಚಿ, ನಡುನಡುವೆ ಕೆಂಪು ಹೂವಿನ ಬುರಾಂಶ್. ಏರುತ್ತ ಹೋದಂತೆ ಮರಗಳು ಗಿಡ್ಡವಾಗುತ್ತವೆ. ಇಳಿಜಾರಿನಲ್ಲಿ ಮೆಲ್ಲಗೆ ಜಾರುವ ಹಿಮ ವರ್ಷವರ್ಷವೂ ಒತ್ತಿದ್ದರಿಂದ ಎಷ್ಟೋ ಕಾಂಡಗಳು ಬುಡದಲ್ಲೇ ಬಾಗಿ, ಆಮೇಲೆ ನೆಟ್ಟಗಾಗಿವೆ. ಸುಮಾರು 3,300 ಮೀಟರ್ ಎತ್ತರದಲ್ಲಿ ಒಂದು ತಿರುವು ಕಳೆದದ್ದೇ ತಡ, ಮರಗಳೇ ಇಲ್ಲ! ಕಣ್ಣು ಹಾಯುವಷ್ಟೂ ಬುಗ್ಯಾಲ್ ಎಂಬ ಹುಲ್ಲುಗಾವಲು, ಅದರಾಚೆ ಚೌಖಂಬಾದ ಬೆಳ್ಳನೆಯ ಶಿಖರಗಳು.

ಎಲ್ಲರೂ ಚೌಖಂಬಾದ ಫೋಟೊ ತೆಗೆಯುತ್ತಿದ್ದರು. ನನಗೆ ಕಾಲಬುಡದ ಮಣ್ಣಿನ ಮೇಲೇ ಕಣ್ಣು. ಮೇ ತಿಂಗಳ ಮಧ್ಯಾಹ್ನ, ಚುರುಗುಡುವ ಬಿಸಿಲು. ಹುಲ್ಲಿನ ನಡುವೆ ಅಂಗೈ ಇಟ್ಟರೆ ನೆಲ ಬೆಚ್ಚಗಿತ್ತು. ನಾಲ್ಕೇ ಹೆಜ್ಜೆ ಆಚೆ ಗಂಟೆಯಾಕಾರದ ಮಾಸಲು ನೇರಳೆ ಹೂವಿನ ಇನ್ನೊಂದು ಜಾತಿಯ ಬುರಾಂಶ್ ಪೊದೆ. ಅದರ ಎಲೆ ಮಗುಚಿ ನೋಡಿದರೆ ಅಡಿಭಾಗದಲ್ಲಿ ತುಕ್ಕಿನ ಬಣ್ಣದ ದಟ್ಟ ರೋಮ. ಪೊದೆಯೊಳಗೆ ಕೈ ತೂರಿಸಿ ತರಗೆಲೆ ಸರಿಸಿದೆ. ಮೇಲಿನ ಪದರ ಇನ್ನೂ ಚರ್ಮದಂತೆ ಗಟ್ಟಿ, ಕೆಳಗಿನದು ಅರೆಕೊಳೆತು ಕಪ್ಪಾಗಿತ್ತು. ಅದರಡಿಯ ಮಣ್ಣಿಗೆ ಬೆರಳು ತಾಗಿದಾಗ ಮೈ ಜುಮ್ಮೆಂದಿತು, ಅಷ್ಟು ತಣ್ಣಗೆ! ಪೊದೆಯ ಹಿಂಬದಿಯಲ್ಲಿ ಚಳಿಗಾಲದ ಹಿಮ ಒಂದಿಷ್ಟು ಇನ್ನೂ ಕರಗದೆ ಉಳಿದಿತ್ತು. ಒಂದೇ ಬೆಟ್ಟ, ಒಂದೇ ಎತ್ತರ, ಒಂದೇ ಬಿಸಿಲು. ನಾಲ್ಕು ಹೆಜ್ಜೆಯಲ್ಲಿ ಎರಡು ಹವಾಮಾನ.

ಈ ತಂಪು ಮರಗಿಡಗಳೇ ಮಾಡಿಕೊಂಡದ್ದು. ನೆಲಕ್ಕಂಟಿದ ಹುಲ್ಲು ಬಿಸಿಲಿನ ಕಾವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮರ ತಲೆ ಎತ್ತಿ ಗಾಳಿಗೆ ಒಡ್ಡಿಕೊಳ್ಳುತ್ತದೆ, ತನ್ನ ನೆರಳಿನಿಂದ ತನ್ನ ಬೇರನ್ನೇ ತಣ್ಣಗಾಗಿಸುತ್ತದೆ. ಕ್ರಿಶ್ಚಿಯನ್ ಕೋರ್ನರ್ ಮತ್ತು ಯೆನ್ಸ್ ಪೌಲ್ಸೆನ್ ಎಂಬ ವಿಜ್ಞಾನಿಗಳು ಜಗತ್ತಿನ ಬೇರೆಬೇರೆ ಪರ್ವತಗಳ 46 ಕಡೆ, ಕಾಡಿನ ಕೊನೆಯ ಮರಗಳಡಿ 10 ಸೆಂಟಿಮೀಟರ್ ಆಳದಲ್ಲಿ ಮಣ್ಣಿನ ಉಷ್ಣತೆ ಅಳೆದು 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳೆಯುವ ಋತುವಿನ ಸರಾಸರಿ 6.7 ಡಿಗ್ರಿ ಸೆಲ್ಸಿಯಸ್. ಉಷ್ಣವಲಯವಿರಲಿ, ಧ್ರುವದ ಹತ್ತಿರವಿರಲಿ, ಹೆಚ್ಚುಕಡಿಮೆ ಅಷ್ಟೇ. ಅದಕ್ಕಿಂತ ತಣ್ಣಗಾದರೆ ಎಲೆ ಅಡುಗೆ ಮಾಡಿದರೂ ಬೇರು, ಕಾಂಡಗಳು ಅದನ್ನು ಬಳಸಿ ಬೆಳೆಯಲಾರವು.

ಆದರೆ ಬೆಳೆದ ಮರವನ್ನು ಕಾಡುವ ನೆರಳೇ ಸಸಿಯನ್ನು ಕಾಯುತ್ತದೆ. ಬಟಾಬಯಲಲ್ಲಿ ಮೊಳೆತ ಬೀಜ ಹಗಲು ಬಾಡುತ್ತದೆ, ರಾತ್ರಿ ಹೆಪ್ಪುಗಟ್ಟುತ್ತದೆ. ಮಣ್ಣಿನ ನೀರು ಸೂಜಿಸೂಜಿಯಾಗಿ ಮಂಜುಗಟ್ಟಿ ಎಳೆಬೇರನ್ನು ಮೇಲಕ್ಕೆತ್ತಿಬಿಡುತ್ತದೆ. ಪೊದೆಯ ಮಗ್ಗುಲಲ್ಲಿ ಈ ಏರುಪೇರು ಕಡಿಮೆ.

ಉಳಿದದ್ದನ್ನು ಬೆಟ್ಟದ ಏರಿಳಿತ ತೀರ್ಮಾನಿಸುತ್ತದೆ. ಚಳಿಗಾಲದ ಗಾಳಿ ದಿಣ್ಣೆಯ ಹಿಮವನ್ನು ಗುಡಿಸಿ ತಗ್ಗಿಗೆ ಸುರಿಯುತ್ತದೆ. ಬೋಳಾದ ದಿಣ್ಣೆಯಲ್ಲಿ ಮಣ್ಣು ಆಳದವರೆಗೂ ಹೆಪ್ಪುಗಟ್ಟುತ್ತದೆ. ತಗ್ಗಿನಲ್ಲಿ ಕಂಬಳಿ ಹೊದ್ದಂತೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ, ವಸಂತದಲ್ಲಿ ಕರಗಿದ ನೀರನ್ನೂ ಪಡೆಯುತ್ತದೆ. ಪೊದೆಗಳೂ ಗಾಳಿಯನ್ನು ತಡೆದು ತಮ್ಮ ಮರೆಯಲ್ಲಿ ಹಿಮ ಕೂಡಿಹಾಕುತ್ತವೆ. ಉತ್ತರಕ್ಕೆ ಮುಖಮಾಡಿದ ಇಳಿಜಾರಿನಲ್ಲಿ ಹಿಮ ಕರಗುವುದು ತಡ, ತೇವ ಬಹುಕಾಲ ಉಳಿಯುತ್ತದೆ. ನಮ್ಮ ಪೂರ್ವಿಕರು ಬರೆಯಲು ತೊಗಟೆ ಸುಲಿದ ಭೂರ್ಜ ವೃಕ್ಷಕ್ಕೆ ಹಿಮಾಲಯದಲ್ಲಿ ಇಂಥ ನೆಲವೇ ಇಷ್ಟ.

ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಆ ಕಪ್ಪು ತರಗು. ಚಳಿಗೆ ಎಲೆ ಕೊಳೆಯುವುದೇ ನಿಧಾನ. ಬುರಾಂಶದ ದಪ್ಪ ಎಲೆಯಂತೂ ಇನ್ನೂ ನಿಧಾನ. ಮಣ್ಣು ಹುಳಿಯಾಗುತ್ತದೆ, ಸಾರಜನಕವೆಲ್ಲ ಕೊಳೆಯದ ಎಲೆಯಲ್ಲೇ ಸಿಕ್ಕಿಬೀಳುತ್ತದೆ. ಅದನ್ನು ಬಿಡಿಸಿಕೊಡಲು ಬುರಾಂಶದ ಕೂದಲಿನಷ್ಟು ಸಣ್ಣ ಬೇರುಗಳಲ್ಲಿ ಒಂದು ಬಗೆಯ ಶಿಲೀಂಧ್ರ ಮನೆಮಾಡಿರುತ್ತದೆ. ಬೇರೆ ಗಿಡಗಳು ಸೊರಗುವ ಮಣ್ಣಿನಲ್ಲಿ ಈ ಪೊದೆ ಮೈತುಂಬಾ ಹೂಬಿಡುವುದು ಆ ನಂಟಿನ ಬಲದಿಂದ.

ಇಂಥ ಒಂದು ಪೊದೆಯನ್ನು ಒಲೆಗೆಂದು ಕಡಿದರೆ ಹೋಗುವುದು ಸೌದೆಯಷ್ಟೇ ಅಲ್ಲ. ನೆರಳು ಹೋಗುತ್ತದೆ, ಹಿಮ ನಿಲ್ಲುವ ಮರೆ ಹೋಗುತ್ತದೆ. ಮುಂಗಾರಿನ ಮಳೆ ಇಳಿಜಾರಿನಲ್ಲಿ ಧೋ ಎಂದು ಸುರಿದಾಗ, ಬಹುಕಾಲದಿಂದ ಕೂಡಿಬಂದ ಆ ಕಪ್ಪು ಪದರ ಕೊಚ್ಚಿಹೋಗುತ್ತದೆ. ಆಮೇಲೆ ಅಲ್ಲಿ ಬಿದ್ದ ಬೀಜಕ್ಕೆ ಸಿಗುವುದು ಬರೀ ಜಲ್ಲಿಕಲ್ಲು.