ಆಂಧ್ರದವರಾ? ಕನ್ನಡ ಹೇಗೆ ಬರುತ್ತೆ?
ಮಡಕಶಿರಾ, ರಾಯದುರ್ಗದ ಹುಡುಗರು ಬೆಂಗಳೂರಿಗೆ ಇಂಟರ್‌ವ್ಯೂಗೆ ಹೊರಟರೆ ಈ ಪ್ರಶ್ನೆಗೂ ತಯಾರಾಗಿರಬೇಕು. 1953ರ ಆಂಧ್ರ ರಾಜ್ಯದಿಂದ ಇತಿಹಾಸ ಬಿಚ್ಚಿದರೆ ಅರ್ಧ ಸಮಯ ಅಲ್ಲೇ ಹೋಯ್ತು! ‘ಕರ್ನಾಟಕದ ಗಡಿ ನಮ್ಮ ಪಕ್ಕದಲ್ಲೇ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು. ಎರಡರಲ್ಲೂ ಗಿರಾಕಿ ಜೊತೆ ಮಾತಾಡಬಲ್ಲೆ’ ಅಂದರೆ ಸಾಕು.

ಮಡಕಶಿರಾದವರಿಗೆ ಇನ್ನೊಂದು: ಹಳೇ ಸರ್ಟಿಫಿಕೇಟಿನಲ್ಲಿ ಅನಂತಪುರ ಜಿಲ್ಲೆ, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಕೇಳಿದರೆ ತಡವರಿಸಬೇಡಿ.

ರಾಯದುರ್ಗದಲ್ಲಿ ಜೀನ್ಸ್ ಹೊಲಿದವರು ಅದನ್ನು ರೆಸ್ಯೂಮೆಯಲ್ಲಿ ಬರೆಯುವುದೇ ಇಲ್ಲ, ಯಾಕೋ. ನಾಚಿಕೆ ಇರಬೇಕು. ಬರೀರಪ್ಪಾ! ಯಾವ ಮಷಿನ್, ದಿನಕ್ಕೆ ಎಷ್ಟು ಪೀಸ್, ಎಷ್ಟು ರಿಜೆಕ್ಟ್ ಅಂತ ಲೆಕ್ಕ ಹೇಳುವವರನ್ನೇ ಗಾರ್ಮೆಂಟ್ಸ್‌ನವರು ಹುಡುಕೋದು.