ಹೆಗ್ಗನಹಳ್ಳಿ ಅಂದ್ರೆ ಎಲ್ಲಿ?

"ಎಲ್ಲಿ ಮನೆ?" ಅಂತ ಯಾರಾದರೂ ಕೇಳಿದರೆ ಹೆಗ್ಗನಹಳ್ಳಿಯವರು ನೇರವಾಗಿ ಉತ್ತರ ಕೊಡುವುದು ಕಮ್ಮಿ. "ರಾಜಾಜಿನಗರದ ಹತ್ರ" ಅಂತೀವಿ. ಮಾಗಡಿ ರೋಡ್ ಗೊತ್ತಿದ್ದವರಿಗೆ "ಸುಂಕದಕಟ್ಟೆ ಪಕ್ಕ", ಫ್ಯಾಕ್ಟರಿ ಕಡೆಯವರಿಗೆ "ಪೀಣ್ಯ". ನಾನೂ ಕಾಲೇಜು ಮುಗಿಯುವವರೆಗೆ ಹೀಗೇ ಹೇಳಿಕೊಂಡು ಬಂದವಳು. ಹಾಗಾಗಿ ತಮ್ಮ ಕನ್ನಡಿ ಮುಂದೆ ನಿಂತು "ಐ ಆಮ್ ಫ್ರಮ್ ರಾಜಾಜಿನಗರ್" ಅಂತ ಪ್ರಾಕ್ಟೀಸ್ ಮಾಡ್ತಿದ್ದಾಗ ನಗು ಬಂತು, ಸ್ವಲ್ಪ ಕಸಿವಿಸಿಯೂ ಆಯ್ತು.

ಅವನದು ಮೆಕ್ಯಾನಿಕಲ್ ಡಿಪ್ಲೊಮಾ, ಕೊನೆಯ ವರ್ಷ. ಬಿಡದಿ ಕಡೆಯ ಒಂದು ಕಂಪನಿಯಿಂದ ಇಂಟರ್ನ್‌ಶಿಪ್ ಇಂಟರ್ವ್ಯೂಗೆ ಕರೆ ಬಂದಿತ್ತು. ಅದಕ್ಕೂ ಮುಂಚೆ ಇನ್ನೊಂದು ಕಡೆ ಹೋಗಿ ಸೋತು ಬಂದಿದ್ದ. ಅಲ್ಲಿ ಕೈಗೆ ವರ್ನಿಯರ್ ಕೊಟ್ಟು "ಲೀಸ್ಟ್ ಕೌಂಟ್ ಹೇಗೆ ಬರುತ್ತೆ?" ಅಂದಾಗ ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತಂತೆ. ಈ ಸಲವೂ ಆಗದಿದ್ದರೆ ದುಡ್ಡು ಕೊಟ್ಟು ಸರ್ಟಿಫಿಕೇಟ್ ತರುವ ದಾರಿಯನ್ನು ಗೆಳೆಯರು ತೋರಿಸಿಕೊಟ್ಟಿದ್ದರು. ಅಪ್ಪನಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಶನಿವಾರ ಸಂಜೆ ಮೊಬೈಲ್ ಕಿತ್ತುಕೊಂಡು ಅವನನ್ನು ಹೊರಗೆ ಹೊರಡಿಸಿದೆ.

ಹೆಗ್ಗನಹಳ್ಳಿಯನ್ನು ಚೆಂದದ ಏರಿಯಾ ಅಂತ ನಾನು ಹೇಳಲಾರೆ. ಧೂಳು ಇದೆ, ಸದ್ದು ಇದೆ, ಫುಟ್‌ಪಾತ್ ಅನ್ನೋದನ್ನ ಹುಡುಕಬೇಕು. ಆದರೆ ಇಲ್ಲಿನ ಎಷ್ಟೋ ಅಡ್ಡರಸ್ತೆಗಳಲ್ಲಿ ಕೆಳಗೆ ಶೆಡ್, ಮೇಲೆ ಸಂಸಾರ. ಒಂದು ಕಡೆ ಲೇತ್ ತಿರುಗುತ್ತಿದ್ದರೆ ಮುಂದಿನ ರಸ್ತೆಯಲ್ಲಿ ಪ್ರೆಸ್ ಮಷೀನಿನ ದಬ್ ದಬ್, ಅದರಾಚೆ ಪೌಡರ್ ಕೋಟಿಂಗ್ ಮುಗಿಸಿ ಸಾಲಾಗಿ ನೇತುಹಾಕಿದ ಪೈಪುಗಳು. ಪೀಣ್ಯದ ದೊಡ್ಡ ಫ್ಯಾಕ್ಟರಿಗಳ ಸಣ್ಣ ಸಣ್ಣ ಭಾಗಗಳು ಜಾಬ್ ವರ್ಕ್ ಅಂತ ಲಗೇಜ್ ಆಟೋದಲ್ಲಿ ಇಲ್ಲಿಗೆ ಬಂದು ಹೋಗುತ್ತವೆ. ಇಲ್ಲಿ 'ಜಾಬ್' ಅಂದರೆ ಕೆಲಸ ಅಲ್ಲ, ಮಷೀನಿಗೆ ಕಟ್ಟಿದ ಲೋಹದ ತುಂಡು. ಅದನ್ನು ಹುಡುಕಿಕೊಂಡು ಯಾರೂ ಅಲೆಯಬೇಕಿಲ್ಲ.

ನಮ್ಮ ಮನೆಯ ಕೆಳಗಿನ ಶೆಡ್ಡಿನವರನ್ನು ಚಿಕ್ಕಂದಿನಿಂದ ಲೇತ್ ಅಂಕಲ್ ಅಂತಲೇ ಕರೆಯೋದು. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಹೆಲ್ಪರ್ ಆಗಿ ಕೆಲಸ ಕಲಿತವರು. ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಶುರುವಾದ ಜಿಟಿಟಿಸಿ ಇರುವುದೂ ಅಲ್ಲೇ. ಅದರ ಮುಂದೆ ದಿನಾ ಸೈಕಲ್ ತುಳಿದರೂ ಒಳಗೆ ಕೂತು ಕಲಿಯುವ ಯೋಗ ಅವರಿಗೆ ಬರಲಿಲ್ಲ. ವಿಷಯ ಹೇಳಿದೆ. ಎಣ್ಣೆಗೈ ಒರೆಸಿಕೊಂಡು ವರ್ನಿಯರ್ ತಮ್ಮನ ಕೈಗಿಟ್ಟರು.

"ಮೇನ್ ಸ್ಕೇಲಿನ 49 ಮಿಲಿಮೀಟರ್ ಜಾಗದಲ್ಲಿ ಇದರ 50 ಮನೆ ಕೂರಿಸಿದ್ದಾರೆ. ಒಂದು ಮನೆ ಎಷ್ಟಾಯ್ತು?"

"0.98, ಅಂಕಲ್."

"ಒಂದು ಮಿಲಿಮೀಟರ್‌ಗೆ ಎಷ್ಟು ಕಮ್ಮಿ?"

"0.02."

"ಅದೇ ಕಣಪ್ಪಾ ನಿನ್ನ ಲೀಸ್ಟ್ ಕೌಂಟ್. ಇದನ್ನ ಉರು ಹೊಡಿಯೋಕೆ ಯಾವನು ಹೇಳ್ದ?"

ಅಲ್ಲಿಂದ ನಾಲ್ಕು ಸಂಜೆ ತಮ್ಮನ ಕ್ಲಾಸು ಶೆಡ್ಡಿನಲ್ಲೇ. ಮೈಕ್ರೋಮೀಟರನ್ನು ಕೈಬಲದಿಂದ ಬಿಗಿಯಬಾರದು, ಹಿಂದಿನ ರಾಚೆಟ್ ಕಟ ಕಟ ಅನ್ನುವವರೆಗೆ ತಿರುಗಿಸಬೇಕು. ಸ್ಟೀಲಿಗೆ ಕೂಲೆಂಟ್ ಬಿಡುವವರು ಕಾಸ್ಟ್ ಐರನ್‌ಗೆ, ಅಂಕಲ್ ಭಾಷೆಯಲ್ಲಿ ಬೀಡಿಗೆ, ಸಾಮಾನ್ಯವಾಗಿ ಯಾಕೆ ಬಿಡುವುದಿಲ್ಲ? ಅದರೊಳಗಿನ ಗ್ರ್ಯಾಫೈಟೇ ಜಾರಿಕೆ ಕೊಡುತ್ತದೆ. ಮೇಲಾಗಿ ಬೀಡು ಸುರುಳಿಯಾಗಿ ಬರದೆ ಪುಡಿಪುಡಿಯಾಗಿ ಉದುರುತ್ತದೆ, ನೀರು ಸೇರಿದರೆ ಕೆಸರು. ಇದನ್ನು ಹೇಳುವುದಕ್ಕೆ ಮುಂಚೆ ಒಂದು ಹಿಡಿ ಪುಡಿಯನ್ನು ಅವನ ಅಂಗೈಗೆ ಸುರಿದಿದ್ದರು. ಎದುರಿನ ಸಿಎನ್‌ಸಿ ಶೆಡ್ಡಿನ ಹುಡುಗ ಜಿ 00 ಮತ್ತು ಜಿ 01 ವ್ಯತ್ಯಾಸ ತೋರಿಸಿದ. ಮೊದಲನೆಯದು ಖಾಲಿ ಓಟ, ಎರಡನೆಯದು ಹೇಳಿದ ವೇಗದಲ್ಲಿ ಕತ್ತರಿಸುವ ಓಟ. ಅದಲು ಬದಲಾದರೆ ಟೂಲ್ ಹೋಗಿ ಜಾಬ್‌ಗೆ ಗುದ್ದುತ್ತದೆ. ಹಾಗೆ ಗುದ್ದಿ ಮುರಿದ ಟೂಲೊಂದು ಅವನ ಕಿಟಕಿಯಲ್ಲೇ ಇತ್ತು.

ಅಂಕಲ್ ಕೊನೆಗೆ ಹೇಳಿದ್ದು: "ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅನ್ನು. ನಮ್ಮಲ್ಲಿ ಟೂಲ್ ಮುರಿಯೋದೆಲ್ಲ 'ಗೊತ್ತು' ಅಂದವರೇ."

ಇಂಟರ್ವ್ಯೂ ದಿನ ನಾನು ರಜೆ ಹಾಕಿ ಜೊತೆಗೆ ಹೋದೆ. ಹೆಗ್ಗನಹಳ್ಳಿ ಕ್ರಾಸಿನಿಂದ ಸುಮನಹಳ್ಳಿ, ರಿಂಗ್ ರೋಡಲ್ಲಿ ನಾಯಂಡಹಳ್ಳಿ, ಆಮೇಲೆ ಮೈಸೂರು ರೋಡು. ಇಂಗ್ಲಿಷಲ್ಲಿ ಬರೆದಿಟ್ಟ ಚೀಟಿ ಅವನ ಕೈಯಲ್ಲಿ ಬೆವರಿಗೆ ಒದ್ದೆಯಾಗಿತ್ತು. ಕೆಂಗೇರಿ ದಾಟಿದ ಮೇಲೆ ಜೇಬಿಗಿಟ್ಟುಕೊಂಡ. ಗೇಟಿನಾಚೆಯ ಟೀ ಅಂಗಡಿಯಲ್ಲಿ ನಾನು ಮೂರು ಟೀ ಕುಡಿದೆ.

ಹೊರಗೆ ಬಂದವನು ಮೊದಲು ಹೇಳಿದ್ದು ಸೋತ ಪ್ರಶ್ನೆಯನ್ನೇ. ಡ್ರಾಯಿಂಗಿನ ಒಂದು ಚಿಹ್ನೆ ಗೊತ್ತಾಗಲಿಲ್ಲವಂತೆ, ಗೊತ್ತಿಲ್ಲ ಸರ್ ಅಂದನಂತೆ.

"ಮನೆ ಎಲ್ಲಿ ಅಂತ ಕೇಳಿದ್ರಾ?"

"ಕೇಳಿದ್ರು ಅಕ್ಕ. ಹೆಗ್ಗನಹಳ್ಳಿ ಅಂದೆ. ಅದೆಲ್ಲಿ ಅಂದ್ರು. ಮನೆ ಕೆಳಗೇ ಲೇತ್ ಇದೆ ಸರ್ ಅಂದೆ. ಆಮೇಲೆ ಪೂರ್ತಿ ಶೆಡ್ ವಿಷಯಾನೇ ಕೇಳ್ತಿದ್ರು. ಬೀಡು ಅಂದುಬಿಟ್ಟೆ, ಇಂಗ್ಲಿಷ್ ಪದ ಬಾಯಿಗೆ ಬರಲಿಲ್ಲ. ಒಬ್ರು ನಕ್ಕರು."

ಆ ನಗು ಎಂಥದ್ದು ಅಂತ ಹತ್ತು ದಿನ ಇಬ್ಬರೂ ಲೆಕ್ಕ ಹಾಕಿದೆವು. ಹನ್ನೊಂದನೇ ದಿನ ಮೇಲ್ ಬಂತು. ಆರು ತಿಂಗಳು, ಸ್ಟೈಪೆಂಡ್ ಬಸ್ ಪಾಸು, ಊಟಕ್ಕೆ ಸಾಕು. ತಮ್ಮ ಮೆಟ್ಟಿಲಿಳಿದು ಓಡಿದ. ಅಂಕಲ್ ಚಕ್‌ಗೆ ಜಾಬ್ ಕಟ್ಟಿದ್ದರು, ಕಟ್ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಮಷೀನ್ ನಿಲ್ಲಿಸಿ ಅವನ ಕಾಲು ನೋಡಿದರು.

"ಈ ಚಪ್ಪಲೀಲಿ ಶಾಪ್ ಫ್ಲೋರಿಗೆ ಬಿಡಲ್ಲ. ಸೇಫ್ಟಿ ಶೂ ಎಷ್ಟು ನಂಬರ್ ನಿಂದು?"