ಅರ್ಥವಾಗದ ಮಾತಿಗೊಂದು ಬಾಗಿಲು

ಕುರಿಚಿಯ ನಮ್ಮ ಮನೆಗೆ ಕಳೆದ ಬೇಸಿಗೆಯ ರಜೆಯಲ್ಲಿ ಬಂದ ಮಗಳು ಕಂಪ್ಯೂಟರಿನಲ್ಲಿ ನಾದ ಹುಟ್ಟಿಸುವ ಒಂದು ವಿದ್ಯೆಯನ್ನು ತೋರಿಸಿದಳು. 'ಪ್ಯೂರ್ ಡೇಟಾ' ಎಂಬುದು ಆ ಭಾಷೆಯ ಹೆಸರು. ಮಿಲ್ಲರ್ ಪಕೆಟ್ ಎಂಬವರು 1990ರ ದಶಕದಲ್ಲಿ ಅದನ್ನು ರೂಪಿಸಿದರು. ಅಲ್ಲಿ ಸಾಲುಸಾಲಾಗಿ ಬರೆಯುವುದಿಲ್ಲ. ಚಿಕ್ಕ ಚೌಕಗಳನ್ನು ಗೆರೆಯೆಳೆದು ಜೋಡಿಸುವುದು. ಒಂದು ಚೌಕ ಸ್ವರ ಹುಟ್ಟಿಸಿದರೆ ಇನ್ನೊಂದು ಅದನ್ನು ಸ್ಪೀಕರಿಗೆ ಮುಟ್ಟಿಸುತ್ತದೆ.

ಮಗಳು ಸ್ವರದ ಚೌಕಕ್ಕೆ 440 ಎಂಬ ಸಂಖ್ಯೆಯನ್ನು ಕಳಿಸಿದಳು, ನಾದ ಹೊರಟಿತು. "ಅಪ್ಪಾ, ಈಗ ನೀವೊಂದು ಮಾತು ಕಳಿಸಿ" ಎಂದಳು. ನಾನು 'ನಮಸ್ಕಾರ' ಎಂದು ಕಳಿಸಿದೆ. ಸಂಖ್ಯೆಯನ್ನಷ್ಟೇ ಬಲ್ಲ ಚೌಕಕ್ಕೆ ನಮಸ್ಕಾರ ಹೇಗೆ ತಿಳಿಯಬೇಕು? ಎಲ್ಲವೂ ಕೆಟ್ಟುಹೋಯಿತೆಂದು ಹೆದರಿದೆ. ಆದರೆ ನಾದ ನಿಲ್ಲಲಿಲ್ಲ. ಇನ್ನೊಂದು ಕಿಟಕಿಯಲ್ಲಿ ಒಂದೇ ಸಾಲು ಮೂಡಿತು: ಇಂಥ ಚೌಕಕ್ಕೆ ಇಂಥ ಮಾತು ತಿಳಿಯದು, ಅಷ್ಟೇ.

"ಇದಕ್ಕಿಂತ ಒಳ್ಳೆಯ ದಾರಿಯೂ ಇದೆ" ಎಂದು ಮಗಳು 'ರೂಟ್' ಎಂಬ ಚೌಕವನ್ನು ಇಟ್ಟಳು. ಅದು ತನಗೆ ಗೊತ್ತಿರುವ ಮಾತುಗಳನ್ನು ಅವುಗಳ ಬಾಗಿಲಿಗೆ ಕಳಿಸುತ್ತದೆ. ಗೊತ್ತಿಲ್ಲದ್ದನ್ನು ಎಸೆಯದೆ, ಬಲತುದಿಯ ಕೊನೆಯ ಬಾಗಿಲಿನಿಂದ ಹಾಗೆಯೇ ಮುಂದಕ್ಕೆ ಬಿಡುತ್ತದೆ. ಅದನ್ನು ಬಲ್ಲ ಬೇರೊಂದು ಚೌಕವಿದ್ದರೆ ಅಲ್ಲಿಗೆ ಸೇರಿಸಬಹುದು.

ಆ ಕೊನೆಯ ಬಾಗಿಲನ್ನು ನೋಡುತ್ತಿದ್ದಂತೆ ನನಗೆ ಒಬ್ಬ ಹುಡುಗನ ನೆನಪಾಯಿತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡಿ ಬೆಳೆದವನು. ಹಸುವನ್ನು ಕುರಿತ ಪ್ರಬಂಧದಲ್ಲಿ ಅವನು "ಹಸು ನಮಗೆ ಪಾಲು ಕೊಡುತ್ತದೆ" ಎಂದು ಬರೆದಿದ್ದ. ನಾನು ಅದನ್ನು ಗಟ್ಟಿಯಾಗಿ ಓದಿ, "ಆಸ್ತಿಯಲ್ಲಿ ಪಾಲೋ?" ಎಂದೆ. ತರಗತಿಯೆಲ್ಲ ನಕ್ಕಿತು. ಆ ವರ್ಷವಿಡೀ ಹುಡುಗ ಮತ್ತೆ ಕೈಯೆತ್ತಲಿಲ್ಲ. ಹಳಗನ್ನಡದಲ್ಲಿ ಹಾಲಿಗೆ 'ಪಾಲ್' ಎಂದೂ ಹೂವಿಗೆ 'ಪೂ' ಎಂದೂ ಇತ್ತೆಂದು ಹೇಳಿ, ಅವನ ಮಾತಿನಿಂದಲೇ ಪಾಠ ಆರಂಭಿಸಬೇಕಾಗಿದ್ದ ಕನ್ನಡ ಪಂಡಿತ ನಾನು! ಯಂತ್ರಕ್ಕಿದ್ದ ಸೌಜನ್ಯ ಅಂದು ನನಗಿರಲಿಲ್ಲ.

ಈಗ ಕರಿಹಲಗೆಯ ಬಲತುದಿಯಲ್ಲಿ ಒಂದು ಗೆರೆ ಎಳೆದಿರುತ್ತೇನೆ. ಪಾಠಕ್ಕೆ ಹೊಂದದ ಮಾತು, ನನಗೆ ಉತ್ತರ ತಿಳಿಯದ ಪ್ರಶ್ನೆ ಅಲ್ಲಿಗೆ ಹೋಗುತ್ತವೆ. ಪಾಠ ಸಾಗುತ್ತದೆ, ಶನಿವಾರ ಆ ಪಟ್ಟಿಯನ್ನು ಎಲ್ಲರೂ ಸೇರಿ ಬಿಡಿಸುತ್ತೇವೆ.

ವಿದ್ಯಾರ್ಥಿಗಳೇ, ತಪ್ಪಾದೀತೆಂದು ಮಾತನ್ನು ನುಂಗಬೇಡಿ. ಹೆತ್ತವರೇ, ಮಗುವಿನ ಮಾತು ತಿಳಿಯದಿದ್ದರೆ "ನನಗೆ ತಿಳಿಯಲಿಲ್ಲ" ಎನ್ನಿ, ನಗಬೇಡಿ. ಆ ಹುಡುಗ ಶಾಲೆ ಬಿಟ್ಟು ವರ್ಷಗಳಾದವು. ಅವನ ಮಾತು ಸರಿಯಿತ್ತೆಂದು ಅವನಿಗೆ ಹೇಳುವುದು ನನ್ನಲ್ಲಿ ಇನ್ನೂ ಬಾಕಿ ಇದೆ.